ಸ್ಥಳಕ್ಕೆ ಹೋಗುವವರಿಗೆ ಮಾತ್ರ

ತುರ್ತು ಸೇವೆಯ ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುವ ಕೆಲಸಕ್ಕೆ ಅಕ್ಕ ಸೇರಿ ಹತ್ತೊಂಬತ್ತು ವರ್ಷ. ಅದೇ ಇಲಾಖೆಯ ಆಂಬ್ಯುಲೆನ್ಸಿನಲ್ಲಿ ನರ್ಸ್ ಆಗಿರುವ ತಂಗಿಗೆ ಇನ್ನೂ ಆರು. ಆಂಬ್ಯುಲೆನ್ಸ್ ಹತ್ತಬೇಕೆಂದು ಮೊದಲು ಅರ್ಜಿ ಹಾಕಿದ್ದು ಅಕ್ಕನೇ. ಎತ್ತರ ಸಾಲದೆಂದು ಅವಳ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂರಿಸಿದ್ದರು. ತಂಗಿಯ ಸಮವಸ್ತ್ರ ಕಂಡರೆ ಜನ ದಾರಿ ಬಿಡುತ್ತಿದ್ದರು. ಅಕ್ಕನಿಗೆ ಸಮವಸ್ತ್ರವೂ ಇರಲಿಲ್ಲ. ಅದನ್ನೆಲ್ಲ ಅವಳು ನುಂಗಿಕೊಂಡಿದ್ದಳು.

ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಕಾರಿನ ವಿಮೆ.

ಇಬ್ಬರೂ ಒಂದೇ ವರ್ಷ ಒಂದೇ ಬಗೆಯ ಕಾರು ಕೊಂಡಿದ್ದರು. ಅಕ್ಕನದಕ್ಕೆ ಒಂದು ಗೀರೂ ಇಲ್ಲ. ತಂಗಿಯದು ಗೇಟಿಗೆ ಒಮ್ಮೆ, ಕಂಬಕ್ಕೆ ಎರಡು ಸಲ ಮುತ್ತಿಟ್ಟಿತ್ತು. ಆದರೂ ಈ ಸಲ ತಂಗಿ ಕಟ್ಟಿದ್ದು ಅಕ್ಕನಿಗಿಂತ ಕಾಲುಭಾಗ ಕಡಿಮೆ. ಪೊಲೀಸರಿಗೆ, ಅಗ್ನಿಶಾಮಕದವರಿಗೆ, ಆಂಬ್ಯುಲೆನ್ಸಿನವರಿಗೆ ವಿಮಾ ಕಂಪನಿ ಹೊಸ ರಿಯಾಯಿತಿ ತಂದಿತ್ತು.

ಅಕ್ಕ ಗುರುತಿನ ಚೀಟಿ ಹಿಡಿದು ವಿಮೆ ಕಚೇರಿಗೆ ಹೋದಳು. ಗುಮಾಸ್ತ ಪಟ್ಟಿಯ ಮೇಲೆ ಬೆರಳಾಡಿಸಿದ.

“ಇದು ಸ್ಥಳಕ್ಕೆ ಹೋಗೋರಿಗೆ ಮಾತ್ರ, ಮೇಡಂ. ನಿಮ್ಮದು ಕೂತು ಮಾಡೋ ಕೆಲಸ ಅಲ್ವಾ?”

“ನಾನು ಕೂತು ಹೇಳಿದ್ರೇನೇ ಅವರು ಎದ್ದು ಹೋಗೋದು.”

“ಅದು ಸರಿ. ಆದ್ರೆ ಪಟ್ಟಿಲಿ ಇಲ್ವಲ್ಲ.”

ಅಕ್ಕ ಗುರುತಿನ ಚೀಟಿ ಎತ್ತಿಕೊಂಡಳು. ಎದ್ದು ಹೊರಟವಳ ಬಾಯಿ ಸುಮ್ಮನಿರಲಿಲ್ಲ. “ನನ್ನ ತಂಗೀನೂ ಎರಡು ತಿಂಗಳಿಂದ ಉಗ್ರಾಣದಲ್ಲಿ ಕೂತು ಔಷಧಿ ಎಣಿಸ್ತಿದಾಳೆ, ಬೆನ್ನುನೋವು ಅಂತ. ಅವಳಿಗೆ ಹೇಗೆ ಕೊಟ್ರಿ?”

ಗುಮಾಸ್ತ ತಂಗಿಯ ಹೆಸರು ಕೇಳಿ ಬರೆದುಕೊಂಡ. ಅಕ್ಕ ತಡೆಯಲಿಲ್ಲ.

ಹತ್ತು ದಿನಕ್ಕೆ ತಂಗಿ ಕಾಗದ ಹಿಡಿದು ಬಂದಳು. “ರಿಯಾಯಿತಿ ಕಿತ್ಕೊಂಡ್ರು ಕಣೇ ಅಕ್ಕ. ಯಾರೋ ಚಾಡಿ ಹೇಳಿದಾರೆ. ನನಗೆ ನಿನ್ನ ಹಾಗೆ ಬರೆಯೋಕೆ ಬರಲ್ಲ, ಒಂದು ಮನವಿ ಬರ್ಕೊಡು.”

ಅಡುಗೆಮನೆಯ ಮೇಜಿನ ಮೇಲೆ ಅಕ್ಕ ಬರೆಯಲು ಕೂತಳು. ತಂಗಿಯ ಬೆನ್ನು ಹಿಡಿದುಕೊಂಡದ್ದು ಮೂರನೇ ಮಹಡಿಯಿಂದ ದಪ್ಪನೆಯ ರೋಗಿಯೊಬ್ಬನನ್ನು ಮೆಟ್ಟಿಲಲ್ಲಿ ಹೊತ್ತು ಇಳಿಸಿದಾಗ. ಆ ಕರೆ ತೆಗೆದುಕೊಂಡದ್ದು ಅಕ್ಕನೇ. ರೋಗಿಯ ಹೆಂಡತಿ ಹನ್ನೊಂದು ನಿಮಿಷ ಅವಳ ಕಿವಿಯಲ್ಲಿ ಅತ್ತಿದ್ದಳು. ಉಸಿರು ನಿಂತ ಗಂಡನ ಎದೆ ಒತ್ತುವುದನ್ನು ಆ ಹೆಂಡತಿಗೆ ಒಂದೊಂದಾಗಿ ಎಣಿಸಿ ಹೇಳಿಕೊಟ್ಟವಳು ಅಕ್ಕ. ಆಮೇಲೆ ಬಾಗಿಲು ತೆರೆದ ಸದ್ದು, ತಂಗಿಯ ದನಿ, ಲೈನ್ ಕಟ್. ಆ ಮನುಷ್ಯ ಬದುಕಿದನೆಂದು ಅಕ್ಕನಿಗೆ ಗೊತ್ತಾದದ್ದೇ ಈಗ, ತಂಗಿ ಹೇಳಿ. ಆದರೂ ಒಂದಕ್ಷರ ಕಡಿಮೆ ಮಾಡದೆ ಬರೆದುಕೊಟ್ಟಳು.

ರಿಯಾಯಿತಿ ಮರಳಿ ಬಂತು. ಬೆನ್ನು ವಾಸಿಯಾದ ಮೇಲೆ ತಂಗಿ ಮತ್ತೆ ಆಂಬ್ಯುಲೆನ್ಸ್ ಹತ್ತುತ್ತಾಳೆಂದು ಕಂಪನಿ ಒಪ್ಪಿತ್ತು. ಸುದ್ದಿ ಹೇಳಲು ಬಂದ ತಂಗಿ, “ಆ ಚಾಡಿಕೋರರು ಯಾರು ಅಂತ ಗೊತ್ತಾಗ್ಬೇಕು,” ಅಂದಳು.

“ನಾನೇ,” ಅಂದಳು ಅಕ್ಕ.

“ನೀನಾ? ಅಷ್ಟು ದುಡ್ಡಿಗಾ?” ಅಂದಳು ತಂಗಿ.

“ದುಡ್ಡಿಗಲ್ಲ. ಕೊನೆಗೆ ಏನಾಯ್ತು ಅಂತ ನೀನು ನೋಡ್ತೀಯ. ನನಗೆ ಬರೀ ಶುರು ಕೇಳ್ಸುತ್ತೆ. ಅದಕ್ಕೇ ಹೊಟ್ಟೆ ಉರೀತು.”

ತಂಗಿ ಬ್ಯಾಗು ಹೆಗಲಿಗೇರಿಸಿ ಹೊರಟುಹೋದಳು. ತಿಂಗಳೊಪ್ಪತ್ತು ಇಬ್ಬರಿಗೂ ಮಾತಿಲ್ಲ. ತಂಗಿ ಆಂಬ್ಯುಲೆನ್ಸಿಗೆ ಮರಳಿದ ಮೇಲೆ ಮಾತ್ರ ವೈರ್‌ಲೆಸ್ಸಿನಲ್ಲಿ ಆಡಲೇಬೇಕಾಯಿತು. “ವಿಳಾಸ ಹೇಳಿ.” “ಬರೆದುಕೊಳ್ಳಿ.” ಒಡಹುಟ್ಟಿದವರು ಬಹುವಚನದಲ್ಲಿ ಮಾತಾಡುವುದು ಕೇಳಿ ಪಕ್ಕದ ಕುರ್ಚಿಯವಳು ನಗು ತಡೆದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಮೊಮ್ಮಗಳೊಬ್ಬಳು ಕರೆ ಮಾಡಿದಳು, ಅಜ್ಜಿ ಬಿದ್ದಿದ್ದಾರೆ, ಏಳುತ್ತಿಲ್ಲವೆಂದು. ಅಕ್ಕ ತಂಗಿಯ ಗಾಡಿಯನ್ನೇ ಕಳಿಸಿದಳು. ಅರ್ಧ ಗಂಟೆಗೆ ವೈರ್‌ಲೆಸ್ ಗೊರಗುಟ್ಟಿತು.

“ರೋಗಿ ಆಸ್ಪತ್ರೆ ಸೇರಿದ್ದಾರೆ.” ಅಲ್ಲಿಗೆ ಮುಗಿಯಬೇಕಿತ್ತು. ತುಸು ಬಿಟ್ಟು ತಂಗಿಯ ದನಿ ಮತ್ತೆ ಬಂತು. “ಅಕ್ಕ, ಅಜ್ಜಿ ಕಣ್ಣು ಬಿಟ್ಟಿದಾರೆ. ಚಪ್ಪಲಿ ಎಲ್ಲಿ ಅಂತ ಕೇಳ್ತಿದಾರೆ.”

ಅಕ್ಕ ನಕ್ಕುಬಿಟ್ಟಳು. ಕೇಳಿ ಜೀವಕ್ಕೆ ಹಾಯೆನಿಸಿತು. ಅದನ್ನು ಕಣ್ಣಾರೆ ಕಂಡವಳು ತಂಗಿ ಎಂದು ತುಸು ಹೊಟ್ಟೆಕಿಚ್ಚಾದದ್ದೂ ನಿಜ.