ಬಾತುಕೋಳಿ ತತ್ತಿಗೆ ಕಾವು

ನಮ್ಮಪ್ಪಂದು ಬಾಯಿಗಿಂತ ಮೊದಲು ಕೈ ಮಾತಾಡತಿತ್ತು. ಮಸ್ಕಿ ಗುಡ್ಡದ ಬುಡಕ ನಮ್ಮ ಮನಿ. ಆಗ ನಿಜಾಮನ ರಾಜ್ಯ. ಲಿಂಗಸುಗೂರಿನ ಸಾಹೇಬರು ಊರೂರು ತಿರಗಾಕ ಹೊಂಟ್ರ ಅವರ ಡೇರೆ, ಹಾಸಿಗಿ, ಭಾಂಡೆ ಎಲ್ಲಾ ಹೊರೋದು ಅಪ್ಪನ ಬಿಟ್ಟಿ ಚಾಕರಿ. ಕೂಲಿ ಇಲ್ಲ. ತಡ ಆದ್ರ ಜಮಾದಾರನ ಚಾಬೂಕು. ಅಲ್ಲಿ ತಿಂದದ್ದನ್ನ ಅಪ್ಪ ಮನಿಗೆ ತಂದು ಅವ್ವಗ ಕೊಡತಿದ್ದ. ನಡುವ ಹೋದ್ರ ನನಗೂ ಬೀಳತಿದ್ದವು.

ಒಂದಿನ ಜಮಾದಾರ ಅಪ್ಪನ ಕೈಯಾಗ ಆರು ಬಾತುಕೋಳಿ ತತ್ತಿ ಇಟ್ಟ. ಸಾಹೇಬರ ಬಂಗಲೆದ ಹೊಂಡದಾಗ ಬಾತುಕೋಳಿ ಬೇಕಂತ. "ಅಮಾಸಿ ಮರುದಿನ ಮರಿ ತಂದುಕೊಡು, ನಿನ್ನ ಬಿಟ್ಟಿ ಮಾಫ್. ಕೆಡಿಸಿದ್ಯೋ, ಚರ್ಮಾ ಸುಲೀತೀನಿ" ಅಂದಿದ್ದ.

ನಮ್ಮೂರಾಗ ಬಾತುಕೋಳಿ ಸಾಕಿದವರು ಒಬ್ಬರೂ ಇಲ್ಲ. ಆದ್ರ ಅವ್ವ ಕಾವಿಗೆ ಇಟ್ಟ ತತ್ತಿ ಕೆಟ್ಟದ್ದಿಲ್ಲ. ಬುಟ್ಟಿಗೆ ಹೊಟ್ಟು ಹಾಸಿ, ಗುಡುಗಿಗೆ ಕೆಡಬಾರದಂತ ಇದ್ದಲಿ ಚೂರು, ಕಬ್ಬಿಣದ ಮೊಳೆ ಇಟ್ಟು, ಮನೀವು ನಾಕು ಕೋಳಿ ತತ್ತಿನೂ ಸೇರಿಸಿ ಕೆಂಪು ಕೋಳೀನ ಕುಂದ್ರಿಸಿದಳು. ದಿನಕ್ಕೊಂದು ಸುಣ್ಣದ ಗೆರಿ ಗ್ವಾಡಿಗೆ. ಕೋಳಿಗೆ ಇಪ್ಪತ್ತೊಂದು ದಿನ. ಬಾತುಕೋಳಿನೂ ಕೋಳಿನಽ ಅಲ್ಲೇನು? ನಾವೆಲ್ಲಾ ಹಂಗಽ ತಿಳಕೊಂಡಿದ್ವಿ.

ಇಪ್ಪತ್ತೊಂದಕ್ಕ ನಾಕು ಕೋಳಿಮರಿ ಹೊರಗ ಬಂದವು. ಬಾತುಕೋಳಿ ತತ್ತಿಗೆ ಒಂದು ಬಿರುಕೂ ಇಲ್ಲ. ಮರುದಿನ ಕೋಳಿ ಎದ್ದು ಮರಿ ಕರಕೊಂಡು ತಿಪ್ಪಿಗೆ ಹೋತು. ಅವ್ವ ಹಿಡದು ತಂದು ಬುಟ್ಟ್ಯಾಗ ಒತ್ತಿದ್ರ ಕೈ ಕುಕ್ಕಿ ರಕ್ತ ತಗದು ಓಡಿತು. ಅಮಾಸಿಗೆ ಎರಡಽ ದಿನ ಉಳದಿತ್ತು.

"ಕೆಡಿಸಿದೆಲ್ಲೇ ಹಾಳಾದಾಕಿ! ನನ್ನ ಚರ್ಮಾ ಹೋತಲ್ಲೇ!" ಅಂತ ಅಪ್ಪ ಅವ್ವನ ಕೂದಲಾ ಹಿಡದು ತಲಿ ಗ್ವಾಡಿಗೆ ಜಪ್ಪಿದ. ಆಮ್ಯಾಲ ತತ್ತಿ ತಗೊಂಡು ಒಂದೊಂದಽ ಬೀಸಿ ಒಗದ. ಮೂರು ಗ್ವಾಡಿಗೆ ಒಡದವು. ನಾಕನೇದು ನನ್ನ ಕಾಲ ಹತ್ರ ಬಿತ್ತು. ಅದರಾಗ ಮರಿ. ತೊಯ್ದ ಪುಕ್ಕ, ಚಪ್ಪಟಿ ಕೊಕ್ಕು. ಎರಡು ಸಲ ಬಾಯಿ ತೆರದು ಸುಮ್ಮನಾತು.

"ಜೀವ ಇತ್ತಲ್ಲೋ ಅಪ್ಪಾ!" ಅಂತ ಚೀರಿ, ಒಲಿ ಮುಂದಿನ ಕಟಗಿ ತಗೊಂಡು ಅವನ ಮೊಣಕಾಲಿಗೆ ಬಾರಿಸಿದೆ. ಹೊಡಿಯಾಕ ಅಂವ ಕೈ ಎತ್ತಿದ. ಅಷ್ಟರಾಗ ನೆಲದ ಮ್ಯಾಲಿನ ಮರಿ ಕಂಡಿತು. ಎತ್ತಿದ ಕೈ ಹಂಗಽ ನಿಂತಿತು.

ಅವ್ವನ ಹಣಿಯಿಂದ ರಕ್ತ ಇಳಿಯಾಕತ್ತಿತ್ತು. ಒರಸಿಕೊಳ್ಳಲಿಲ್ಲ. ಉಳದ ಎರಡು ತತ್ತಿ ತನ್ನ ಹೊಟ್ಟಿಗೆ ಅವಚಿಕೊಂಡು, ಹಳೇ ಸೀರಿ ಸುತ್ತಿ, ಒಲಿ ಹತ್ರ ಕುಂತಳು. "ಇನ್ನ ಯಾರರ ಮುಟ್ಟರಿ, ಕುಡಗೋಲಿಲೆ ಕೊಯ್ತೀನಿ" ಅಂದಳು. ಬಾತುಕೋಳಿಗೆ ಕೋಳಿಗಿಂತ ಹೆಚ್ಚು ದಿನ ಬೇಕು ಅಂತ ಆಗ ತಿಳೀತು; ಇನ್ನ ಎಷ್ಟು ದಿನ ಕುಂದ್ರಬೇಕೋ ಆಕಿಗೂ ಗೊತ್ತಿರಲಿಲ್ಲ. ನಾ ತುತ್ತು ಮಾಡಿ ತಿನಿಸಿದೆ. ಗ್ವಾಡಿಗೆ ಗೆರಿನೂ ನಾನಽ ಎಳದೆ.

ಅಮಾಸಿ ಮರುದಿನ ಮುಂಜಾನಿ ಜಮಾದಾರ ಅಪ್ಪನ್ನ ಕರಿಯಾಕ ಕಳಿಸಿದ. ಅಪ್ಪ ಬಾಗಲದಾಗ ನಿಂತು ಅವ್ವನ ಹೊಟ್ಟಿ ನೋಡಿದ.

"ಇನ್ನಾ ಒಡದಿಲ್ಲ, ಕೊಡಾಂಗಿಲ್ಲ. ಹೋಗಿ ಹೊಡಿಸಿಕೊಂಡು ಬಾ" ಅಂದಳು ಅವ್ವ.

ಒದೀತಾನ ಅಂತ ನಾ ಕಟಗಿ ಹಿಡದು ನಿಂತಿದ್ದೆ. ಅಂವ ಟವೆಲ್ ಹೆಗಲಿಗೆ ಹಾಕ್ಕೊಂಡು ಹೋದ.

ಸಂಜಿಗೆ ಬಂದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅದನ್ನ ಕಿತ್ತು ತಗದು ನೆಲದ ಮ್ಯಾಲೆ ಬೋರಲ ಬಿದ್ದ. ಬೆನ್ನ ತುಂಬ ಎದ್ದ ಬಾಸುಂಡಿ ನೋಡಿ ನನಗ ಖುಷಿ ಆತು. ಹೌದು, ಖುಷಿನಽ ಆತು, ಸುಳ್ಳ್ಯಾಕ ಹೇಳಲಿ. ಅವ್ವ ಮಾತ್ರ ಅರಿಷಿಣಾ ತರಾಕ ಗ್ವಾಡಿ ಹಿಡಕೊಂಡು ಏಳಾಕ ಹತ್ತಿದಳು.

ಅಪ್ಪ ತಲಿ ಎತ್ತಲಿಲ್ಲ.

"ಏಳಬ್ಯಾಡ" ಅಂದ. "ತತ್ತಿ ತಣ್ಣಗಾಗತಾವ."

ಕಟಗಿ ಒಲ್ಯಾಗ ಇಟ್ಟು, ಅರಿಷಿಣಾ ನಾ ತಂದೆ.