ಅರ್ಧ ಪರದೆಯಲ್ಲಿ ಕೈಪಿಡಿ, ತೋಟದಲ್ಲಿ ಆನೆ

ಕೊಡಗಿನ ತಿತಿಮತಿಯ ಹೊರವಲಯದ ಒಂದು ಕೋಣೆಯ ಕಚೇರಿ. ಇನ್ನೂ ಬೆಳಕು ಹರಿದಿಲ್ಲ. ತೇಜಸ್ವಿನಿ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಫೋನಿನಲ್ಲಿ ಎಸ್ಟೇಟಿನ ಕಾವಲುಗಾರ ಕರಿಯ: 'ಅಕ್ಕ, ಮೂರು ಆನೆ ತೋಡು ದಾಟಿ ತೋಟಕ್ಕೆ ಇಳಿದ್ವು. ಮೆಸೇಜ್ ಹೋಯ್ತಾ?'

'ಇನ್ನೂ ಇಲ್ಲ ಕರಿಯ, ಒದ್ದಾಡ್ತಿದ್ದೀನಿ.'

ಸ್ವಲ್ಪ ಹೊತ್ತಿನಲ್ಲಿ ಸುತ್ತಲಿನ ಎಸ್ಟೇಟುಗಳ ಲೈನ್‌ಮನೆಗಳಿಂದ ಕಾರ್ಮಿಕರು ಕಾಫಿ ಕೊಯ್ಲಿಗೆ ಹೊರಡುತ್ತಾರೆ. ಅದಕ್ಕೆ ಮೊದಲು ಸುಮಾರು ನಾನೂರು ಫೋನುಗಳಿಗೆ ಎಚ್ಚರಿಕೆ ಮುಟ್ಟಬೇಕು. ನಿನ್ನೆ ಕಂಪ್ಯೂಟರಿಗೆ ಜೋಡಿಸಿದ ಸಿಮ್ ಬದಲಿಸಿದ ಮೇಲೆ ಒಂದೂ ಹೋಗುತ್ತಿಲ್ಲ.

ಕುಶಾಲನಗರದ ಬಳಿಯ ರೈತ ಕುಟುಂಬದ ತೇಜಸ್ವಿನಿ ಬಿ.ಕಾಂ. ಓದಿ, ಮದುವೆಯಾಗಿ ಇಲ್ಲಿಗೆ ಬಂದವರು. ಬೆಳೆಗಾರರ ಸಣ್ಣ ಸಂಘವೊಂದರಲ್ಲಿ ಫೋನ್ ನಂಬರ್ ಟೈಪ್ ಮಾಡುವ ಕೆಲಸಕ್ಕೆ ಸೇರಿದರು. ಸಂದೇಶ ಕಳಿಸುವ ಪ್ರೋಗ್ರಾಂ ಬರೆದವರ ಗುತ್ತಿಗೆ ಮುಗಿದಾಗ ಅದನ್ನು ನೋಡಿಕೊಳ್ಳುವ ಹೊಣೆಯೂ ಇವರಿಗೇ ಬಂತು. ಇಲ್ಲಿ ಎಸ್ಸೆಮ್ಮೆಸ್ ಹೋಗುವಷ್ಟು ಸಿಗ್ನಲ್ ಇದೆ, ಇಂಟರ್ನೆಟ್ಟಿಗೆ ಸಾಲದು. ಹಾಗಾಗಿ ಪ್ರೋಗ್ರಾಂ ತಿದ್ದುವ ಎಡಿಟರಿನೊಳಗೇ ಅದರ ಇಂಗ್ಲಿಷ್ ಕೈಪಿಡಿಯನ್ನೂ ತೆರೆದು ಓದುತ್ತಾರೆ. ಪರದೆಯ ಎಡಕ್ಕೆ ಪ್ರೋಗ್ರಾಂ, ಬಲಕ್ಕೆ ಕೈಪಿಡಿ.

ತೊಂದರೆಯೂ ಅಲ್ಲೇ. 'ಎರಡೂ ಕಡೆ ಅದೇ ಕಪ್ಪು ಹಿನ್ನೆಲೆ, ಅದೇ ಅಕ್ಷರ. ಒಂದು ಪದ ಅರ್ಥ ಆಗ್ಲಿಲ್ಲ ಅಂತ ಒತ್ತಿದ್ರೆ ಇನ್ನೊಂದು ಪುಟ, ಅಲ್ಲಿಂದ ಮತ್ತೊಂದು. ಕೊನೆಗೆ ಏನು ಹುಡುಕ್ತಾ ಬಂದೆ ಅನ್ನೋದೇ ಮರ್ತು ಹೋಗುತ್ತೆ' ಎನ್ನುತ್ತಾರೆ.

ಕಳೆದ ತಿಂಗಳು ಅವರು ಪ್ರೋಗ್ರಾಮಿನಲ್ಲಿ ಮಾಡಬೇಕಿದ್ದ ತಿದ್ದುಪಡಿಯನ್ನು ಕೈಪಿಡಿಯಲ್ಲಿ ಉದಾಹರಣೆಗೆ ಕೊಟ್ಟಿದ್ದ ಸಾಲುಗಳಲ್ಲಿ ಮಾಡಿ, ಸೇವ್ ಮಾಡಿ, ಮನೆಗೆ ಹೋದರು. ಮರುದಿನ ಎಚ್ಚರಿಕೆ ಹೋಗಲಿಲ್ಲ. ಕೊಯ್ಲಿಗೆ ಹೋಗಿದ್ದ ಗುರುಸಿದ್ದಮ್ಮ ಆನೆ ಎದುರಾಗಿ ಚೀಲ ಬಿಸಾಕಿ ಓಡಿ ಪಾರಾದರು. ಈಗಲೂ ದಾರಿಯಲ್ಲಿ ಸಿಕ್ಕರೆ ಬಿಡುವುದಿಲ್ಲ: 'ಏನವ್ವ, ಅವತ್ತು ಮೆಸೇಜು ಆನೆಗೆ ಕಳ್ಸಿದ್ಯಾ? ನಮಗಿಂತ ಮುಂಚೆ ಬಂದು ನಿಂತಿತ್ತು.' ಸುತ್ತಲಿದ್ದವರು ನಗುತ್ತಾರೆ. ತೇಜಸ್ವಿನಿಗೆ ನಗು ಬರುವುದಿಲ್ಲ.

ಈಗ ಎಡಭಾಗದಲ್ಲೇ ಇದ್ದೇನೆಂದು ಎರಡು ಸಲ ಖಚಿತಪಡಿಸಿಕೊಂಡು ಒಂದು ಸಾಲು ಬದಲಿಸುತ್ತಾರೆ. ಸಂದೇಶ ಹೋಗುವುದಿಲ್ಲ. ಇನ್ನೊಂದು ಸಾಲು ಅಳಿಸುತ್ತಾರೆ. ಆಗಲೂ ಇಲ್ಲ. ಮೊದಲು ಬದಲಿಸಿದ ಸಾಲನ್ನು ಹಿಂದೆ ಇದ್ದ ಹಾಗೇ ಮಾಡಿ ಮತ್ತೆ ಕಳಿಸುತ್ತಾರೆ. ಮೇಜಿನ ಮೇಲಿದ್ದ ಅವರದೇ ಫೋನು ಸದ್ದು ಮಾಡುತ್ತದೆ: 'ತೋಟದಲ್ಲಿ ಆನೆ ಇದೆ. ಲೈನ್ ಬಿಟ್ಟು ಹೊರಡಬೇಡಿ.'

ಬೆನ್ನಿಗೇ ಕರಿಯನ ಕರೆ. 'ಬಂತು ಅಕ್ಕ. ಹೊರಟವರೆಲ್ಲ ಗೇಟ್ ಹತ್ರಾನೇ ನಿಂತವ್ರೆ. ಏನ್ ಮಾಡಿದ್ರಿ?'

'ಅದೇ ಗೊತ್ತಾಗ್ತಿಲ್ಲ.'

ಹೋಯಿತಲ್ಲ, ಇನ್ನು ಚಹಾ ಕುಡಿಯಬಹುದಲ್ಲ ಎಂದು ನಾನು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. 'ಹೋಯ್ತು ಅಂತ ಬಿಟ್ಬಿಡಕ್ಕಾಗಲ್ಲ. ಯಾಕೆ ಹೋಯ್ತು ಅಂತ ತಿಳೀಬೇಕು, ಅಷ್ಟೇ ಆಸೆ. ನಾಳೆನೂ ಆನೆ ಬರುತ್ತಲ್ಲ' ಎಂದು ಕೈಪಿಡಿಯನ್ನು ಮೊದಲ ಪುಟದಿಂದ ತೆರೆಯುತ್ತಾರೆ.