ಹಗ್ಗದ ಕೆಳತುದಿಯಲ್ಲಿ ನಾನಿದ್ದೆ

ಇದನ್ನು ನೀವು ನಂಬದಿದ್ದರೆ ನನಗೇ ಒಳ್ಳೆಯದು. ಆದರೆ ಮುಂದಿನ ಎರಡು ಹಲ್ಲು ನಾನು ಕಳೆದುಕೊಂಡದ್ದು ಆ ರಾತ್ರಿಯೇ. ಕನ್ನಡಿಯಲ್ಲಿ ಆ ಕಂಡಿ ಕಂಡಾಗಲೆಲ್ಲ, ನಡೆದದ್ದು ನಿಜ ಅಂತ ಒಪ್ಪಿಕೊಳ್ಳಲೇಬೇಕಾಗುತ್ತದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಮ್ಮ ಸೀನನೂ ಅಷ್ಟೇ. ಅಮ್ಮ ಹೋದ ಮೇಲೆ ಚಾಮರಾಜಪೇಟೆಯ ವಠಾರದ ಒಂದೇ ಕೋಣೆಯಲ್ಲಿ ಇಬ್ಬರೂ ಇದ್ದೆವು. ಇಬ್ಬರಿಗೂ ಟವರ್ ಹತ್ತುವ ಕೆಲಸ. ಒಮ್ಮೆ ಮೇಲೆ ತಲೆ ಸುತ್ತು ಬಂದಮೇಲೆ ನಾನು ಹತ್ತುವುದನ್ನು ಬಿಟ್ಟೆ. ಸೀನ ಹತ್ತುತ್ತಿದ್ದ, ನಾನು ಕೆಳಗೆ ಹಗ್ಗ ಹಿಡಿಯುತ್ತಿದ್ದೆ. ಅವನ ಬೆಲ್ಟಿನಿಂದ ಹೊರಟ ಹಗ್ಗ ಟವರ್ ತುದಿಯ ರಾಟೆ ದಾಟಿ ನನ್ನ ಸೊಂಟಕ್ಕೆ ಬರುತ್ತಿತ್ತು. ಅವನು ಜಾರಿದರೆ ತಡೆಯುವುದು ನನ್ನ ಮೈಭಾರ.

ಎರಡು ಸಾವಿರದ ಇಸವಿ ಕಳೆದ ಹೊಸತು. ಬಿನ್ನಿಪೇಟೆ ಕಡೆ ಒಂದು ಹಳೆಯ ಮೈಕ್ರೋವೇವ್ ಟವರ್ ಇತ್ತು. ಹಿಂದೆ ಟ್ರಂಕ್ ಕಾಲ್‌ಗಳೆಲ್ಲ ಅದರ ಮೇಲಿಂದಲೇ ಊರೂರಿಗೆ ಹೋಗುತ್ತಿದ್ದವಂತೆ. ನೆಲದೊಳಗೆ ಕೇಬಲ್ ಬಂದಮೇಲೆ ಅದನ್ನು ಕೇಳುವವರಿರಲಿಲ್ಲ. ಯಾವುದೋ ಸಣ್ಣ ಕಂಪನಿ ಅದನ್ನು ಬಾಡಿಗೆಗೆ ಹಿಡಿದು, ಮಾಗಡಿ ಕಡೆಯ ಹಳ್ಳಿಗಳಿಗೆ ಇಂಟರ್‌ನೆಟ್ ಕಳಿಸಲು ಹೊರಟಿತ್ತು. ಮೇಲಿದ್ದ ದೊಡ್ಡ ತುಕ್ಕು ಡಿಶ್ ಇಳಿಸಿ, ಸಣ್ಣ ಬಿಳಿ ಡಿಶ್ ಕಟ್ಟುವುದು ನಮ್ಮ ಕೆಲಸ. ಹಗಲೆಲ್ಲ ಕೆಳಗಿನ ರಸ್ತೆಯಲ್ಲಿ ಮಾರ್ಕೆಟ್ ಲಾರಿಗಳು. ಹಾಗಾಗಿ ರಾತ್ರಿಯೇ ಇಳಿಸಬೇಕಿತ್ತು.

"ನೀವಿಬ್ರೂ ಹತ್ತಲ್ವಾ?" ಕಂಪನಿಯ ಇಂಜಿನಿಯರ್ ಕೇಳಿದರು.

"ನಮ್ಮಣ್ಣ ನೆಲದ ಮೇಲೆ ಹುಲಿ ಸಾರ್," ಸೀನ ನಕ್ಕ. "ಸ್ಟೂಲ್ ಹತ್ತಿದ್ರೂ ಬೆವರ್ತಾನೆ. ಮನೇಲಿ ಬಲ್ಬ್ ಹಾಕೋದೂ ನಾನೇ."

"ಬಾಯ್ಮುಚ್ಕೊಂಡು ಹತ್ತೋ."

"ಹಗ್ಗ ಗಟ್ಟಿ ಹಿಡ್ಕೊ ಗುರು, ನಿದ್ದೆ ಹೊಡೀಬೇಡ!"

ಇಂಜಿನಿಯರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ... ಇವನಿಗೆ ಯಾರಾದರೂ ನಾಲ್ಕು ಬಾರಿಸಬೇಕು ಅನ್ನಿಸಿತು.

ಇಂಜಿನಿಯರ್ ಮೆಷಿನ್ ರೂಮಿಗೆ ಹೋದರು. ಸೀನನ ತಲೆಗೆ ಕಟ್ಟಿದ ಟಾರ್ಚು ಬೀಡಿಯ ಕಿಡಿಯಷ್ಟಾಗಿ ಮೇಲೇರಿತು. ರಸ್ತೆಯಿಂದ ಕೊಳೆತ ಹೂವಿನ ವಾಸನೆ, ಟವರಿನಿಂದ ತುಕ್ಕು ಮತ್ತು ಪಾರಿವಾಳದ ಹಿಕ್ಕೆಯ ವಾಸನೆ. ಮೇಲಿಂದ ಸ್ಪ್ಯಾನರ್ ಸದ್ದು. ಟಣ್... ಟಣ್...

ಸದ್ದು ನಿಂತಿತು.

ಆಮೇಲೆ ಬೇರೆಯೇ ಒಂದು ಸದ್ದು... ಒದ್ದೆ ಗೋಣಿಚೀಲಕ್ಕೆ ಕಬ್ಬಿಣದಲ್ಲಿ ಬಡಿದ ಹಾಗೆ.

"ಅಣ್ಣಾ!"

ಕೈಗೆ ಏಟಾಯಿತೇನೋ ಅಂದುಕೊಂಡೆ. ಮತ್ತೆ ಅದೇ ಸದ್ದು.

"ಬೇಡ ಅಣ್ಣಾ... ತಪ್ಪಾಯ್ತು... ಬಿಟ್ಬಿಡು!"

ಹಗ್ಗ ನನ್ನನ್ನು ಎಳೆದು ಟವರಿನ ಕಾಲಿಗೆ ಬಡಿಯಿತು. ಬಾಯಿ ತುಂಬ ರಕ್ತ, ನಾಲಿಗೆಯ ಮೇಲೆ ಹಲ್ಲಿನ ಚೂರು. ಮೇಲೆ ಬಿದ್ದ ಒಂದೊಂದು ಏಟೂ ಹಗ್ಗದಲ್ಲಿ ಇಳಿದು ನನ್ನ ಸೊಂಟಕ್ಕೆ ತಾಗುತ್ತಿತ್ತು. ಅವನ ಎಲುಬು ಮುರಿದದ್ದು ಕೂಡ ಗೊತ್ತಾಯಿತು. ಹಣೆಯ ಮೇಲೆ ಬೆಚ್ಚಗಿನ ಹನಿ ಬಿತ್ತು. ಒರೆಸಿಕೊಂಡೆ. ಅಂಟಂಟಾಗಿತ್ತು.

ಹಗ್ಗವನ್ನು ಟವರಿನ ಕಾಲಿಗೆ ಬಿಗಿದು ಹತ್ತಬಹುದಿತ್ತು. ಏಣಿ ನನ್ನ ಮೂಗಿನ ಮುಂದೆಯೇ ಇತ್ತು. ಇಂಜಿನಿಯರನ್ನು ಕೂಗಬಹುದಿತ್ತು. ನಾನು ಎರಡೂ ಮಾಡಲಿಲ್ಲ. ಮೊದಲ ಏಟುಗಳಿಗೆ ನನ್ನ ಮನಸ್ಸು ಏನಂದಿತು ಅಂತ ಹೇಳಿಬಿಡುತ್ತೇನೆ. ಬೀಳಲಿ ನಾಲ್ಕು, ಅಂದಿತು. ಅದು ಭಯವಾಗುವ ಹೊತ್ತಿಗೆ ಕಾಲುಗಳು ಏಳಲಿಲ್ಲ. ತಮ್ಮ ಕೂಗುವುದನ್ನು ನಿಲ್ಲಿಸುವವರೆಗೂ ನಿಂತು ಕೇಳಿದೆ.

ಕೊನೆಗೆ ಇಂಜಿನಿಯರ್ ಓಡಿಬಂದು ದೊಡ್ಡ ದೀಪ ಹಾಕಿದರು. ಟವರಿನ ಮೇಲೆ ಬೇರೆ ಯಾರೂ ಇರಲಿಲ್ಲ. ಒಗೆದು ಹಾಕಿದ ಬಟ್ಟೆಯಂತೆ ಸೀನ ಬೆಲ್ಟಿನಲ್ಲಿ ನೇತಾಡುತ್ತಿದ್ದ.

"ಡಿಶ್ ತಿರುಗಿ ಹೊಡೆದಿರ್ಬೇಕು," ಅಂದರು ಅವರು. ಮರುದಿನ ಹತ್ತಿದವರು ನೋಡಿದರೆ, ಡಿಶ್ಶಿನ ಒಂದು ಬೋಲ್ಟೂ ಸಡಿಲವಾಗಿರಲಿಲ್ಲ. ಅದು ಅಲುಗಿಯೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಸೀನ ಒಂದು ಕಣ್ಣು ತೆರೆದ. ಇನ್ನೊಂದು ಊದಿ ಮುಚ್ಚಿಹೋಗಿತ್ತು.

"ಯಾಕಣ್ಣಾ ಹಂಗೆ ಹೊಡ್ದೆ? ತಮಾಷೆಗೆ ಅಂದಿದ್ದಲ್ವಾ..."

"ಯಾರೋ ಹೊಡ್ದಿದ್ದು?"

"ನೀನೇ. ಇದೇ ಪಟ್ಟೆ ಶರ್ಟು. ಟಾರ್ಚ್ ಬೆಳಕಲ್ಲಿ ಮುಖ ನೋಡ್ಲಿಲ್ವಾ ನಾನು?"

ನಾನು ನೆಲ ಬಿಟ್ಟು ಕಾಲೆತ್ತಿರಲಿಲ್ಲ. ಹಾಗಂತ ಹೇಳಬೇಕಿತ್ತು. ಆದರೆ ಅದನ್ನು ಹೇಳಿದರೆ ಇನ್ನೊಂದನ್ನೂ ಹೇಳಬೇಕು... ಕೆಳಗೇ ಇದ್ದೆ, ಎಲ್ಲ ಕೇಳಿಸಿತು, ಸುಮ್ಮನೆ ನಿಂತಿದ್ದೆ ಅಂತ. ಕೋಪದಲ್ಲಿ ಹೊಡೆದ ಅಣ್ಣನನ್ನು ತಮ್ಮ ಕ್ಷಮಿಸಬಹುದು. ನಿಂತು ಕೇಳಿದವನನ್ನು?

"ಕೋಪ ಬಂದ್ಬಿಡ್ತು ಕಣೋ," ಅಂದೆ. "ತಪ್ಪಾಯ್ತು."

ಸೀನ ಅತ್ತ. ಆಮೇಲೆ ಮುರಿಯದ ಕೈಯನ್ನು ನನ್ನ ಕೈ ಮೇಲಿಟ್ಟ. ಪೊಲೀಸರಿಗೆ, ಜಾರಿಬಿದ್ದೆ ಅಂದ.

ಆ ಟವರಿನ ಕೆಲಸ ಬೇರೆಯವರು ಮುಗಿಸಿದರು. ಹಳ್ಳಿಗಳಿಗೆ ಇಂಟರ್‌ನೆಟ್ ಹೋಯಿತು. ಸೀನನ ಕೈ ಸೊಟ್ಟಗೆ ಕೂಡಿಕೊಂಡಿತು. ಮತ್ತೆ ಒಟ್ಟಿಗೆ ಉಣ್ಣುತ್ತಿದ್ದೆವು, ಅವನು ಸಾರಿಗೆ ಉಪ್ಪು ಸಾಲದು ಅಂತ ರೇಗಿಸುತ್ತಿದ್ದ. ಎಲ್ಲ ಸರಿಹೋಯಿತು ಅಂದುಕೊಂಡೆ.

ಒಂದು ಸಂಜೆ ಕರೆಂಟ್ ಹೋಗಿತ್ತು. ಮೇಣದಬತ್ತಿ ಹಚ್ಚಿಕೊಂಡು ಊಟಕ್ಕೆ ಕೂತಿದ್ದೆವು.

"ಅಣ್ಣಾ... ಅವತ್ತು ಹೊಡೆದು ಮುಗಿಸಿದ ಮೇಲೆ, ಕಿವಿ ಹತ್ರ ಬಂದು ಒಂದು ಮಾತು ಹೇಳ್ದೆಯಲ್ಲ... ಅದು ನಿಜ ತಾನೇ?"

ಯಾವ ಮಾತು ಅಂತ ಕೇಳಿದರೆ ನನ್ನ ಸುಳ್ಳು ಅಲ್ಲೇ ಒಡೆಯುತ್ತಿತ್ತು. ಅವನ ದನಿ ಮೆತ್ತಗಿತ್ತು. ಏನೋ ಸಮಾಧಾನದ ಮಾತೇ ಇರಬೇಕು ಅಂದುಕೊಂಡೆ.

"ಹೂಂ. ನಿಜ ಕಣೋ."

ಸೀನನ ಕೈಯ ತುತ್ತು ತಟ್ಟೆಗೆ ಬಿತ್ತು.

"ಅಮ್ಮಂಗೂ ಗೊತ್ತಿತ್ತಾ?"

ನಾನು ಮೇಣದಬತ್ತಿಯನ್ನು ಸರಿಸಿಟ್ಟೆ. ಅವನು ಕೈ ತೊಳೆದ. ಬೆಳಗಾಗುವಷ್ಟರಲ್ಲಿ ಬ್ಯಾಗು ತೆಗೆದುಕೊಂಡು ಹೋಗಿಬಿಟ್ಟಿದ್ದ. ಈಗ ನಗರ್ತಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿದ್ದಾನೆ. ನನ್ನನ್ನು ಕಂಡರೆ ಆ ಸೊಟ್ಟ ಕೈಯನ್ನು ಮೈಗೆ ಒತ್ತಿಕೊಂಡು ಪಕ್ಕದ ಗಲ್ಲಿಯೊಳಕ್ಕೆ ತಿರುಗಿಬಿಡುತ್ತಾನೆ.

ನಾನು ಹೂಂ ಅಂದದ್ದು ಯಾವ ಮಾತಿಗೆ? ಇಂದಿಗೂ ಗೊತ್ತಿಲ್ಲ. ಗೊತ್ತಿರುವವರು ಇಬ್ಬರೇ. ಒಬ್ಬ ನನ್ನ ತಮ್ಮ. ಇನ್ನೊಬ್ಬನಿಗೆ ನನ್ನದೇ ಮುಖವಿದೆ... ಅವನು ಆ ಟವರಿನಿಂದ ಇಳಿದದ್ದನ್ನು ಯಾರೂ ನೋಡಿಲ್ಲ.